ಕೊಪ್ಪರಿಗೆ ಮಗುಚಿದ ಸೈನಿಕರು

ಪ್ರಶ್ನೆ: ಕಾನ್‌ಸ್ಟಾಂಟಿನೋಪಲ್ ಗೆದ್ದ ಆಟೊಮನ್ ತುರ್ಕರ ಜಾನಿಸರಿ ದಳವನ್ನು 1826ರಲ್ಲಿ ಅವರ ಸುಲ್ತಾನನೇ ತೋಪು ಹೊಡೆಸಿ ಮುಗಿಸಿದ ಎಂದು ಓದಿದೆ. ಯೂರೋಪನ್ನೇ ನಡುಗಿಸಿದ ಸೈನ್ಯ ಆ ಸ್ಥಿತಿಗೆ ಬಂದದ್ದು ಹೇಗೆ? ಸೈನಿಕರಿಗೆ ಮದುವೆಯಾಗಲು ಬಿಟ್ಟದ್ದೇ ತಪ್ಪಾಯಿತು ಅಂತಾರೆ, ನಿಜವೇ? ನಮ್ಮ ಹೈದರಾಲಿಯೂ ಇಂಥದ್ದೊಂದು ಪಡೆ ಕಟ್ಟಿದ್ದ ಎನ್ನುವುದು ಹೌದೇ?

ಉತ್ತರ: ಮೊದಲು ಒಂದು ಕೊಪ್ಪರಿಗೆಯ ವಿಷಯ ಹೇಳುತ್ತೇನೆ. ಅದು ಮನಸ್ಸಿಗೆ ಬಂದರೆ ಉಳಿದದ್ದು ಹೇಳುವುದು ಸುಲಭ.

ಜಾನಿಸರಿಗಳ ಪ್ರತಿ ತುಕಡಿಗೂ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಇರುತ್ತಿತ್ತು. ಸೂಪು, ಪಲಾವ್ ಎಲ್ಲ ಅದರಲ್ಲೇ ಬೇಯಬೇಕು. ಬೇರೆ ಸೈನ್ಯಗಳಿಗೆ ಬಾವುಟ ಹೇಗೋ ಇವರಿಗೆ ಕೊಪ್ಪರಿಗೆ ಹಾಗೆ. ಯುದ್ಧದಲ್ಲಿ ಅದನ್ನು ಶತ್ರುವಿಗೆ ಬಿಟ್ಟು ಬಂದರೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ತುಕಡಿಯ ನಾಯಕನನ್ನು ಚೋರ್ಬಜಿ ಎನ್ನುತ್ತಿದ್ದರು. ಚೋರ್ಬಾ ಎಂದರೆ ಸೂಪು, ಚೋರ್ಬಜಿ ಎಂದರೆ ಸೂಪಿನವನು. ಅಡುಗೆಯವರ ಮುಖ್ಯಸ್ಥನಿಗೂ ದೊಡ್ಡ ಅಧಿಕಾರಿಯ ಸ್ಥಾನ ಇತ್ತು. ಸೈನಿಕರು ತಮ್ಮ ಎತ್ತರದ ಬಿಳಿ ಟೋಪಿಯ ಮುಂಭಾಗದಲ್ಲಿ ಒಂದು ಚಮಚ ಸಿಕ್ಕಿಸಿಕೊಳ್ಳುತ್ತಿದ್ದರು.

ಇದರ ಹಿಂದಿನ ಭಾವನೆ ನಮಗೆ ಹೊಸದಲ್ಲ. ಅನ್ನದ ಋಣ ಅಂತೀವಲ್ಲ, ಅದೇ. ಸುಲ್ತಾನ ಉಣ್ಣಲು ಇಕ್ಕುತ್ತಾನೆ, ನಾವು ಅವನಿಗಾಗಿ ಸಾಯುತ್ತೇವೆ. ಮೂರು ತಿಂಗಳಿಗೊಮ್ಮೆ, ಹಿಂದೆ ಕಾನ್‌ಸ್ಟಾಂಟಿನೋಪಲ್ ಆಗಿದ್ದ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಎರಡನೇ ಅಂಗಳದಲ್ಲಿ ಸಂಬಳ ಹಂಚುವಾಗ ಮೊದಲು ಊಟ ಇಡುತ್ತಿದ್ದರು. ಸನ್ನೆ ಸಿಕ್ಕ ಕೂಡಲೇ ಸೈನಿಕರು ಓಡಿ ಹೋಗಿ ಬಟ್ಟಲು ಎತ್ತಿಕೊಂಡರೆ ಎಲ್ಲವೂ ಸರಿಯಿದೆ ಎಂದರ್ಥ. ಇದನ್ನು ನೋಡಲೆಂದೇ ವಿದೇಶಿ ರಾಯಭಾರಿಗಳನ್ನು ಕರೆಸುತ್ತಿದ್ದರು. ಸಾವಿರಾರು ಸೈನಿಕರು ಕದಲದೆ ನಿಂತರೆ ವಜೀರರ ಎದೆ ಧಸಕ್ ಎನ್ನುತ್ತಿತ್ತು. ಇನ್ನು ಬ್ಯಾರಕ್‌ನಿಂದ ಕೊಪ್ಪರಿಗೆ ಹೊತ್ತು ತಂದು ಮೈದಾನದಲ್ಲಿ ಮಗುಚಿದರೆ ಅದು ದಂಗೆಯೇ. ನಿನ್ನ ಅನ್ನ ನಮಗೆ ಬೇಡ, ನಿನ್ನ ಋಣ ಹರಿಯಿತು ಎಂದು ಹೇಳಿದ ಹಾಗೆ. ಇವತ್ತಿಗೂ ತುರ್ಕಿ ಭಾಷೆಯಲ್ಲಿ ತಿರುಗಿ ಬೀಳುವುದಕ್ಕೆ ಕೊಪ್ಪರಿಗೆ ಎತ್ತುವುದು ಎನ್ನುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ಋಣವನ್ನು ಮೊದಲು ಮುರಿದದ್ದು ಸೈನಿಕರಲ್ಲ, ಖಜಾನೆ. ಮದುವೆಯ ಮಾತಿಗೆ ಆಮೇಲೆ ಬರುತ್ತೇನೆ.

ದಳ ಹುಟ್ಟಿದ್ದು 14ನೇ ಶತಮಾನದ ಉತ್ತರಾರ್ಧದಲ್ಲಿ, ಒಂದನೇ ಮುರಾದನ ಕಾಲಕ್ಕೆ. ಯೆನಿ ಚೆರಿ ಎಂದರೆ ಹೊಸ ಪಡೆ. ಯೂರೋಪಿನವರ ಬಾಯಲ್ಲಿ ಅದು ಜಾನಿಸರಿ ಆಯಿತು. ಆಗ ಆಟೊಮನ್ ಸೈನ್ಯದ ಬಲವೆಲ್ಲ ಕುದುರೆ ಸವಾರರದ್ದು. ಅವರಿಗೆ ಜಮೀನಿನ ಕಂದಾಯ ಇತ್ತು, ಊರಿನಲ್ಲಿ ಬಂಧುಬಳಗ ಇತ್ತು. ಸುಲ್ತಾನನಿಗೆ ಬೇಕಾದದ್ದು ತನ್ನನ್ನು ಬಿಟ್ಟರೆ ಬೇರೆ ಗತಿ ಇಲ್ಲದ ಕಾಲಾಳುಗಳು. ಮೊದಲು ಯುದ್ಧದ ಸೆರೆಯಾಳುಗಳಲ್ಲಿ ಐದರಲ್ಲಿ ಒಂದು ಪಾಲನ್ನು ತೆಗೆದುಕೊಂಡರು. ಆಮೇಲೆ ದೇವ್ಶಿರ್ಮೆ ಎಂಬ ಪದ್ಧತಿ ಬಂತು. ಆ ಪದಕ್ಕೆ ಒಟ್ಟುಗೂಡಿಸುವುದು ಎಂದು ಅರ್ಥ. ಒಟ್ಟುಗೂಡಿಸುತ್ತಿದ್ದದ್ದು ಮಕ್ಕಳನ್ನು.

ಸರ್ಬಿಯ, ಬೋಸ್ನಿಯ, ಅಲ್ಬೇನಿಯ, ಗ್ರೀಸ್, ಬಲ್ಗೇರಿಯದ ಕ್ರೈಸ್ತ ಹಳ್ಳಿಗಳಿಗೆ ಕೆಲವು ವರ್ಷಕ್ಕೊಮ್ಮೆ ಅಧಿಕಾರಿಗಳು ಬರುತ್ತಿದ್ದರು. ಲೆಕ್ಕ ಸುಮಾರು ನಲವತ್ತು ಮನೆಗೆ ಒಬ್ಬ ಹುಡುಗ. ಒಬ್ಬನೇ ಮಗನಿದ್ದರೆ ಬಿಡುತ್ತಿದ್ದರು. ಮದುವೆಯಾಗಿದ್ದರೂ ಬಿಡುತ್ತಿದ್ದರು, ಹಾಗಾಗಿ ಎಷ್ಟೋ ತಂದೆತಾಯಿ ಮೀಸೆ ಬರದ ಹುಡುಗನಿಗೇ ಮದುವೆ ಮಾಡಿಬಿಡುತ್ತಿದ್ದರು. ಆಯ್ದ ಹುಡುಗರಿಗೆ ಕೆಂಪು ಬಟ್ಟೆ ತೊಡಿಸಿ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಓಡಿ ಹೋದರೆ ಆ ಬಣ್ಣ ದೂರದಿಂದಲೇ ಕಾಣಬೇಕಲ್ಲ. ನಂತರ ಮತಾಂತರ, ಹೊಸ ಹೆಸರು. ಭಾಷೆ ಕಲಿಯಲಿ, ಮೈ ಗಟ್ಟಿಯಾಗಲಿ ಎಂದು ಈಗಿನ ತುರ್ಕಿಯ ಏಷ್ಯಾ ಭಾಗವಾದ ಅನಟೋಲಿಯದ ರೈತರ ಮನೆಯಲ್ಲಿ ಕೆಲವು ವರ್ಷ ದುಡಿಮೆ. ಆಮೇಲೆ ಬ್ಯಾರಕ್.

ಇದರಲ್ಲಿ ಮೇಲೆ ಬಂದವರೂ ಇದ್ದಾರೆ. ಬೋಸ್ನಿಯದ ಹಳ್ಳಿಯೊಂದರಿಂದ ಹೀಗೆ ಹೋದ ಹುಡುಗ ಸೊಕೊಲ್ಲು ಮೆಹಮದ್ ಪಾಷಾ ಮೂವರು ಸುಲ್ತಾನರಿಗೆ ಪ್ರಧಾನ ವಜೀರನಾದ. ಸುಲೈಮಾನಿಯೆ ಮಸೀದಿ ಕಟ್ಟಿದ ಸಿನಾನ್ ಕೂಡ ಹೀಗೆ ಬಂದವನೇ, ಮೊದಲು ಜಾನಿಸರಿಯಾಗಿ ದಂಡಯಾತ್ರೆಗಳಿಗೆ ಹೋದವನು. ಕೆಲವರು ಈ ಉದಾಹರಣೆಗಳನ್ನು ತೋರಿಸಿ ಪದ್ಧತಿ ಒಳ್ಳೆಯದಿತ್ತು ಅಂತಾರೆ. ನಾನು ಒಪ್ಪುವುದಿಲ್ಲ. ಒಬ್ಬ ಸಿನಾನನ ಹೆಸರು ನಮಗೆ ಗೊತ್ತು. ಹಳ್ಳಿಯ ಬೀದಿಯಲ್ಲಿ ನಿಂತು ಕೆಂಪು ಬಟ್ಟೆಯ ಸಾಲು ಮರೆಯಾಗುವುದನ್ನು ನೋಡಿದ ತಾಯಂದಿರ ಹೆಸರು ಯಾರಿಗೂ ಗೊತ್ತಿಲ್ಲ.

ಸೈನ್ಯವಾಗಿ ಮಾತ್ರ ಅವರಿಗೆ ಆ ಕಾಲದಲ್ಲಿ ಸಾಟಿ ಇರಲಿಲ್ಲ. ವರ್ಷವಿಡೀ ಸಂಬಳ, ಒಂದೇ ಕಡೆ ವಾಸ, ದಿನಾ ತಾಲೀಮು. ಯೂರೋಪಿನ ರಾಜರು ಯುದ್ಧ ಬಂದಾಗ ಬಾಡಿಗೆ ಸೈನಿಕರನ್ನು ಹುಡುಕುತ್ತಿದ್ದ ಕಾಲ ಅದು. 1453ರ ಮೇ 29ರ ಬೆಳಗ್ಗೆ ಕಾನ್‌ಸ್ಟಾಂಟಿನೋಪಲ್ ಗೋಡೆಗೆ ಕೊನೆಯ ಅಲೆಯಾಗಿ ನುಗ್ಗಿದವರು ಇವರೇ. 1514ರಲ್ಲಿ ಚಾಲ್ದಿರಾನ್‌ನಲ್ಲಿ ಇರಾನಿನ ಸವಾರರನ್ನೂ, 1526ರಲ್ಲಿ ಮೊಹಾಚ್‌ನಲ್ಲಿ ಹಂಗೇರಿಯ ಸೈನ್ಯವನ್ನೂ ಇವರ ಬಂದೂಕು ಮತ್ತು ಆಟೊಮನ್ ತೋಪು ಸೇರಿ ಮುರಿದವು. ಅಷ್ಟೆಲ್ಲ ಮಾಡಿದಾಗಲೂ ಅವರ ಸಂಖ್ಯೆ ಜಾಸ್ತಿ ಏನಿಲ್ಲ. 16ನೇ ಶತಮಾನದ ಸುಲ್ತಾನ ಸುಲೈಮಾನನ ಕೊನೆಗಾಲಕ್ಕೆ ಸುಮಾರು 12,000. 1609ಕ್ಕೆ ಅದು 37,000 ದಾಟಿತು. 19ನೇ ಶತಮಾನದ ಮೊದಲ ಭಾಗಕ್ಕೆ ಸಂಬಳದ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ಹೆಸರುಗಳಿದ್ದವು. ಯುದ್ಧಕ್ಕೆ ಹೊರಟವರು ಅದರಲ್ಲಿ ಒಂದು ಸಣ್ಣ ಪಾಲು.

ಹೀಗೇಕಾಯಿತು?

16ನೇ ಶತಮಾನದ ಕೊನೆಗೆ ಯುದ್ಧದ ರೀತಿ ಬದಲಾಯಿತು. ಸವಾರರ ಕಾಲ ಮುಗಿಯುತ್ತಾ ಬಂತು, ಬಂದೂಕು ಹಿಡಿದ ಕಾಲಾಳು ಬೇಕಾದ. 1593ರಿಂದ 1606ರವರೆಗೆ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ದೊರೆಗಳ ಜೊತೆ ಹದಿಮೂರು ವರ್ಷ ಯುದ್ಧ ನಡೆಯಿತು. ದಳವನ್ನು ದೊಡ್ಡದು ಮಾಡದೆ ಗತಿ ಇರಲಿಲ್ಲ. ಹಳ್ಳಿಹಳ್ಳಿ ತಿರುಗಿ ಹುಡುಗರನ್ನು ತಂದು ವರ್ಷಗಟ್ಟಲೆ ಪಳಗಿಸುವ ಪುರುಸೊತ್ತು ಎಲ್ಲಿಯದು? ಸೈನಿಕರ ಮಕ್ಕಳನ್ನೂ ಸೇರಿಸಿಕೊಂಡರು, ಪೇಟೆಯ ಮುಸ್ಲಿಂ ಯುವಕರನ್ನೂ ಸೇರಿಸಿಕೊಂಡರು. 17ನೇ ಶತಮಾನದಲ್ಲಿ ದೇವ್ಶಿರ್ಮೆ ತಾನಾಗಿಯೇ ಕಡಿಮೆಯಾಗುತ್ತಾ ಹೋಯಿತು.

ಜನ ಹೆಚ್ಚಾದರು, ಹಣ ಹೆಚ್ಚಾಗಲಿಲ್ಲ. 1585–86ರ ಹೊತ್ತಿಗೆ ಸರ್ಕಾರ ಆಕ್ಚೆ ಎಂಬ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಮೊದಲು 60 ಆಕ್ಚೆಗೆ ಸಿಗುತ್ತಿದ್ದ ವೆನಿಸ್‌ನ ಚಿನ್ನದ ನಾಣ್ಯಕ್ಕೆ 120 ಆಕ್ಚೆ ಕೊಡಬೇಕಾಯಿತು. ಜಾನಿಸರಿಯ ಕೂಲಿ ದಿನಕ್ಕೆ ಬೆರಳೆಣಿಕೆಯ ಆಕ್ಚೆ. ಅದು ಅಷ್ಟೇ ಉಳಿಯಿತು. ಈಗ ಆ ಸೈನಿಕನ ಜಾಗದಲ್ಲಿ ನಿಂತು ನೋಡಿ. ಕೈಗೆ ಬಿದ್ದ ನಾಣ್ಯ ಎಣಿಕೆಗೆ ಸರಿಯಿದೆ. ಅಂಗಡಿಗೆ ಹೋದರೆ ರೊಟ್ಟಿಯವನು ಅದನ್ನು ತೂಗಿ ನೋಡಿ, ಇದು ನಡೆಯಲ್ಲ ಎಂದು ತಳ್ಳುತ್ತಾನೆ. 1589ರಲ್ಲಿ ಇಂಥ ನಾಣ್ಯದಲ್ಲಿ ಸಂಬಳ ಕೊಟ್ಟಾಗ ಸೈನಿಕರು ಅರಮನೆಗೆ ನುಗ್ಗಿ, ಅದಕ್ಕೆ ಕಾರಣನೆಂದು ಬಾಲ್ಕನ್ ಸೀಮೆಯಾದ ರುಮೇಲಿಯದ ರಾಜ್ಯಪಾಲನ ತಲೆಯನ್ನೇ ಕೇಳಿದರು. ಸುಲ್ತಾನ ಮೂರನೇ ಮುರಾದ ಕೊಟ್ಟುಬಿಟ್ಟ. ನನ್ನ ಪ್ರಕಾರ ಈ ದಳದ ಚರಿತ್ರೆ ಎರಡು ಭಾಗವಾಗುವುದು ಆ ದಿನ. ಕೊಪ್ಪರಿಗೆ ಮಗುಚಿದರೆ ಕೆಲಸ ಆಗುತ್ತದೆ ಎಂದು ಅವರಿಗೆ ಗೊತ್ತಾಯಿತು.

ಸಂಬಳ ಸಾಲದೆ ಹೋದಾಗ ಮನುಷ್ಯ ಏನು ಮಾಡುತ್ತಾನೆ? ಕಸುಬು ಹುಡುಕುತ್ತಾನೆ. ಜಾನಿಸರಿಗಳು ಕಸಾಯಿಗಳಾದರು, ದೋಣಿ ನಡೆಸಿದರು, ಹಮಾಲಿ ಮಾಡಿದರು, ಹಣ್ಣು ಮಾರಿದರು, ಕಾಫಿ ಅಂಗಡಿ ಇಟ್ಟರು. ಅಂಗಡಿಯ ಬಾಗಿಲ ಮೇಲೆ ತಮ್ಮ ತುಕಡಿಯ ಗುರುತು ಹಾಕಿದರು. ಒಟ್ಟು 196 ತುಕಡಿಗಳು, ಪ್ರತಿಯೊಂದಕ್ಕೂ ತನ್ನದೇ ಗುರುತು. ಇತ್ತ ಪೇಟೆಯ ಕಸುಬಿನವರಿಗೂ ದಳದ ನೆರಳು ಬೇಕಾಯಿತು. ಪಟ್ಟಿಯಲ್ಲಿ ಹೆಸರಿದ್ದರೆ ತೆರಿಗೆಯವರ ಕಾಟ ಕಡಿಮೆ, ತಪ್ಪು ಮಾಡಿದರೆ ವಿಚಾರಣೆ ತಮ್ಮ ಅಧಿಕಾರಿಗಳ ಮುಂದೆಯೇ. ಹೀಗೆ ಸೈನಿಕ ಪೇಟೆಯವನಾದ, ಪೇಟೆಯವನು ಸೈನಿಕನಾದ.

ಇಲ್ಲಿ ಎಸಾಮೆ ಎಂಬ ಚೀಟಿಯ ಬಗ್ಗೆ ಹೇಳಲೇಬೇಕು. ಪ್ರತಿ ಜಾನಿಸರಿಗೂ ಒಂದು ಸಂಬಳದ ಚೀಟಿ. ಅದರಲ್ಲಿ ಹೆಸರು, ತುಕಡಿ, ದಿನಗೂಲಿ. ಬರಬರುತ್ತಾ ಜನ ಅದನ್ನು ಕೊಳ್ಳಲು, ಮಾರಲು ಶುರು ಮಾಡಿದರು. ಸೈನಿಕ ಸತ್ತರೆ ಚೀಟಿ ಸಾಯುತ್ತಿರಲಿಲ್ಲ. ಅಧಿಕಾರಿಗಳು, ಅರಮನೆಯವರು, ವ್ಯಾಪಾರಿಗಳು ಹತ್ತಾರು ಚೀಟಿ ಇಟ್ಟುಕೊಂಡು, ಬಂದೂಕು ಮುಟ್ಟದೆ ಮೂರು ತಿಂಗಳಿಗೊಮ್ಮೆ ಹಣ ಎಣಿಸಿಕೊಂಡರು. ನಮ್ಮಲ್ಲಿ ಸತ್ತವರ ಹೆಸರಲ್ಲಿ ರೇಷನ್ ಎತ್ತುವ ಸುದ್ದಿ ಬರುತ್ತದಲ್ವಾ, ಅದನ್ನು ಇಡೀ ಸೈನ್ಯದ ಮಟ್ಟಕ್ಕೆ ಹಿಗ್ಗಿಸಿ ನೋಡಿ. ದಳವನ್ನು ಸರಿಪಡಿಸುವುದೆಂದರೆ ಈ ಚೀಟಿಗಳಿಗೆ ಕೈ ಹಾಕುವುದು. ಅದಕ್ಕೆ ಅಡ್ಡ ಬಂದವರು ಬರೀ ಸೈನಿಕರಲ್ಲ, ಅವರ ಹಿಂದೆ ಅರ್ಧ ಊರೇ ಇತ್ತು.

ಈಗ ಮದುವೆ. ಹೌದು, ಮೊದಲು ನಿರ್ಬಂಧ ಇತ್ತು. 16ನೇ ಶತಮಾನದಲ್ಲಿ ಅದು ಸಡಿಲವಾಗಿ, ಕೊನೆಗೆ ಎಲ್ಲರೂ ಮದುವೆಯಾದರು. ದಳ ಕೆಟ್ಟದ್ದಕ್ಕೆ ಅದೇ ಮೂಲ, ಹೊರಗಿನವರು ನುಗ್ಗಿದ್ದೇ ಕಾರಣ ಎಂದು ಹಳೆಯ ಆಟೊಮನ್ ಬರಹಗಾರರೇ ಹೇಳಿದ್ದಾರೆ. 1630ರ ಸುಮಾರಿಗೆ ಸುಲ್ತಾನನಿಗೆ ದೂರು ಬರೆದ ಕೋಚಿ ಬೇ ಅವರಲ್ಲಿ ಮುಖ್ಯ. ಆದರೆ ಅವನೇ ದೇವ್ಶಿರ್ಮೆಯಿಂದ ಬಂದವನು. ತನ್ನಂಥವರ ಜಾಗಕ್ಕೆ ಪೇಟೆಯವರು ಬಂದರು ಎಂಬ ಸಂಕಟ ಅವನದು. ಅವನ ಮಾತನ್ನು ಹಾಗೇ ತೆಗೆದುಕೊಳ್ಳಬಾರದು. ಹೆಂಡತಿ ಮಕ್ಕಳಿರುವ ಸೈನಿಕರು ಲೋಕದ ಎಲ್ಲ ಸೈನ್ಯದಲ್ಲೂ ಇದ್ದಾರೆ, ಚೆನ್ನಾಗಿ ಹೋರಾಡುತ್ತಾರೆ. ಮದುವೆ ದಳವನ್ನು ಕೆಡಿಸಲಿಲ್ಲ. ಸಂಸಾರ ನಡೆಸಲು ಸಾಲದ ಸಂಬಳ ಕೆಡಿಸಿತು.

ದಂಗೆಗಳ ಪಟ್ಟಿ ಉದ್ದ ಇದೆ. 1622ರಲ್ಲಿ ಹದಿನೇಳು ವರ್ಷದ ಎರಡನೇ ಒಸ್ಮಾನ್ ಹಜ್ ಯಾತ್ರೆಯ ನೆಪದಲ್ಲಿ ಅನಟೋಲಿಯ, ಸಿರಿಯಗಳಲ್ಲಿ ಬೇರೆ ಸೈನ್ಯ ಕಟ್ಟಲು ಹೊರಟಿದ್ದಾನೆ ಎಂಬ ಸುದ್ದಿ ಹಬ್ಬಿತು. ಅವನನ್ನು ಹಿಡಿದು, ಊರಿನ ಬೀದಿಯಲ್ಲಿ ಅವಮಾನ ಮಾಡಿ, ಯೆದಿಕುಲೆ ಕೋಟೆಯಲ್ಲಿ ಕೊಂದರು. ಸ್ವಂತ ಸೈನಿಕರು ಸುಲ್ತಾನನನ್ನು ಕೊಂದದ್ದು ಅದೇ ಮೊದಲು. 1648, 1687, 1703, 1730, ಹೀಗೆ ಒಬ್ಬೊಬ್ಬರಾಗಿ ಸುಲ್ತಾನರು ಇಳಿದರು. 1730ರ ದಂಗೆಯ ಮುಂದಾಳು ಪತ್ರೋನಾ ಹಲೀಲ್ ಹಳೆ ಬಟ್ಟೆ ಮಾರುತ್ತಿದ್ದ ಒಬ್ಬ ಜಾನಿಸರಿ. ಅವನ ಹಿಂದೆ ಬಂದವರಲ್ಲಿ ಯುದ್ಧದ ತೆರಿಗೆಗಳಿಂದ ಬೇಸತ್ತ ಅಂಗಡಿಕಾರರೂ ಇದ್ದರು. ಇದನ್ನು ನೋಡಿಯೇ ಈಗಿನ ಎಷ್ಟೋ ಇತಿಹಾಸಕಾರರು ಜಾನಿಸರಿಗಳನ್ನು ಪುಂಡರೆಂದು ತಳ್ಳಿಹಾಕುವುದಿಲ್ಲ. ಪಾರ್ಲಿಮೆಂಟ್ ಇಲ್ಲದ ನಾಡಿನಲ್ಲಿ ಸುಲ್ತಾನನಿಗೆ ಬೇಡ ಎನ್ನುವ ಬಲ ಇದ್ದದ್ದು ಅವರೊಬ್ಬರಿಗೇ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಪೂರ್ತಿ ಒಪ್ಪಲು ನನಗೆ ಕಷ್ಟ. 1801ರಲ್ಲಿ ಬೆಲ್‌ಗ್ರೇಡ್‌ನ ಜಾನಿಸರಿಗಳು ಜನ ಮೆಚ್ಚಿದ ರಾಜ್ಯಪಾಲನನ್ನೇ ಕೊಂದು ಸೀಮೆಯನ್ನು ಹಂಚಿಕೊಂಡರು. 1804ರಲ್ಲಿ ಸರ್ಬಿಯದ ಹಳ್ಳಿಯ ಮುಖಂಡರ ತಲೆ ಕಡಿದರು. ಸರ್ಬಿಯ ದಂಗೆಯೆದ್ದದ್ದು ಅದರ ನಂತರ. ಅಲ್ಲಿನ ರೈತನಿಗೆ ಈ ದಳ ಜನರ ದನಿಯಾಗಿ ಕೇಳಿಸಿರಲಾರದು.

ರಷ್ಯದ ಎದುರು 1774ರಲ್ಲಿ ಸೋತು ಕುಚುಕ್ ಕೈನಾರ್ಜಾ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹಳೆಯ ಸೈನ್ಯದಿಂದ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೂರನೇ ಸೆಲೀಮ್ ಮೆತ್ತಗೆ ಕೈ ಹಾಕಿದ. ಜಾನಿಸರಿಗಳನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ನಿಜಾಮಿ ಜದೀದ್ ಎಂಬ ಹೊಸ ಸೈನ್ಯ ಬೆಳೆಸಿದ. ಯೂರೋಪಿನ ಕವಾಯತು, ಯೂರೋಪಿನ ಸಮವಸ್ತ್ರ. 1799ರಲ್ಲಿ ಆಕ್ರೆ ಕೋಟೆಯಲ್ಲಿ ನೆಪೋಲಿಯನ್‌ನನ್ನು ತಡೆದವರಲ್ಲಿ ಈ ಹೊಸಬರೂ ಇದ್ದರು. ಆದರೆ 1807ರ ಮೇ ತಿಂಗಳಲ್ಲಿ, ಬಾಸ್ಫರಸ್ ದಡದ ಕೋಟೆಗಳ ಕಾವಲು ಪಡೆಗೆ ಹೊಸ ಸಮವಸ್ತ್ರ ತೊಡಿ ಎಂದದ್ದೇ ನೆಪವಾಗಿ ದಂಗೆ ಎದ್ದಿತು. ಜಾನಿಸರಿಗಳು ಸೇರಿಕೊಂಡರು. ಸೆಲೀಮ್ ಗದ್ದುಗೆ ಬಿಟ್ಟ.

ಮುಂದಿನ ವರ್ಷ, 1808ರ ಜುಲೈ 28. ಸೆಲೀಮ್‌ನನ್ನು ಮತ್ತೆ ಕೂರಿಸಲು ಆಲೆಮ್‌ದಾರ್ ಮುಸ್ತಫಾ ಪಾಷಾ ಸೈನ್ಯದೊಡನೆ ಅರಮನೆಯ ಬಾಗಿಲಿಗೆ ಬಂದ. ಒಳಗಿದ್ದ ಸುಲ್ತಾನ ನಾಲ್ಕನೇ ಮುಸ್ತಫಾ ತನ್ನ ದಾಯಾದಿ ಸೆಲೀಮ್‌ನನ್ನೂ ತಮ್ಮ ಮಹಮೂದ್‌ನನ್ನೂ ಕೊಲ್ಲಲು ಆಳು ಕಳಿಸಿದ. ಇವರಿಬ್ಬರೂ ಹೋದರೆ ವಂಶದಲ್ಲಿ ತಾನೊಬ್ಬನೇ ಗಂಡಸು, ತನ್ನನ್ನು ಯಾರೂ ಮುಟ್ಟಲಾರರು ಎಂಬ ಲೆಕ್ಕ. ಸೆಲೀಮ್ ಸತ್ತ. ಮಹಮೂದ್‌ನ ಕಡೆಗೆ ಬಂದವರ ಕಣ್ಣಿಗೆ ಜೆವ್ರಿ ಎಂಬ ದಾಸಿ ಬಿಸಿ ಬೂದಿ ಎರಚಿದಳು. ಅಷ್ಟರಲ್ಲಿ ಅವನು ಮಾಡಿನ ಮೇಲೆ ಹತ್ತಿ ತಪ್ಪಿಸಿಕೊಂಡ. ಅಂದೇ ಸುಲ್ತಾನನಾದ, ಎರಡನೇ ಮಹಮೂದ್. ಜೆವ್ರಿಯ ಹೆಸರಲ್ಲಿ ಅವನು 1819ರಲ್ಲಿ ಕಟ್ಟಿಸಿದ ಶಾಲೆಯ ಕಟ್ಟಡ ಸುಲ್ತಾನಹಮೆತ್ ಮೈದಾನದ ಹತ್ತಿರ ಈಗಲೂ ಇದೆ. 1808ರ ನವೆಂಬರಿನಲ್ಲೇ ಜಾನಿಸರಿಗಳು ಆಲೆಮ್‌ದಾರ್‌ನನ್ನು ಸುತ್ತುವರಿದಾಗ ಅವನು ಮದ್ದಿನ ಮನೆಗೆ ಬೆಂಕಿ ಇಟ್ಟು ತಾನೂ ಸತ್ತ, ಸುತ್ತಲಿದ್ದವರನ್ನೂ ಕೊಂದ.

ಇಪ್ಪತ್ಮೂರು ವರ್ಷದ ಮಹಮೂದ್ ಇದನ್ನೆಲ್ಲ ಕಣ್ಣಾರೆ ನೋಡಿದ. ಆಮೇಲೆ ಹದಿನೆಂಟು ವರ್ಷ ಕಾದ. ತೋಪಿನ ಪಡೆಯನ್ನು ತನ್ನ ಕಡೆ ಮಾಡಿಕೊಂಡ. ದಳದ ಮೇಲಿನ ಹುದ್ದೆಗಳಿಗೆ ಒಬ್ಬೊಬ್ಬರಾಗಿ ತನ್ನವರನ್ನು ತಂದ. ಸೆಲೀಮ್ ಕಾಲದಲ್ಲಿ ದೂರವೇ ಉಳಿದಿದ್ದ ಉಲೇಮಾಗಳನ್ನು, ಅಂದರೆ ಧರ್ಮಪಂಡಿತರನ್ನು, ಒಲಿಸಿಕೊಂಡ. ಈ ನಡುವೆ 1821ರಲ್ಲಿ ಗ್ರೀಸ್ ದಂಗೆ ಎದ್ದಿತು. ಜಾನಿಸರಿಗಳಿಂದ ಆಗದ್ದನ್ನು ಈಜಿಪ್ಟಿನ ರಾಜ್ಯಪಾಲ ಮೆಹಮದ್ ಅಲಿಯ ಹೊಸ ಸೈನ್ಯ ಮಾಡಿತು. 1826ರ ಏಪ್ರಿಲ್‌ನಲ್ಲಿ ಗ್ರೀಕರ ಕೋಟೆ ಮಿಸೊಲೊಂಗಿ ಬಿತ್ತು. ಮುಸ್ಲಿಂ ಸೈನ್ಯವೂ ಕವಾಯತು ಕಲಿತು ಗೆಲ್ಲಬಹುದು ಎಂದು ಇಸ್ತಾಂಬುಲ್‌ನ ಜನಕ್ಕೆ ಎದುರಿಗೇ ಕಂಡಿತು.

ಮೇ ಕೊನೆಗೆ ಆಜ್ಞೆ ಬಂತು. ರಾಜಧಾನಿಯ 51 ತುಕಡಿಗಳಿಂದ ತಲಾ 150 ಜನ ಹೊಸ ಕವಾಯತು ಕಲಿಯಬೇಕು. ದಳದ ಹಿರಿಯರೇ ಒಪ್ಪಿ ಸಹಿ ಹಾಕಿದ್ದರು. ಕವಾಯತು ಶುರುವಾಗಿ ಎರಡು ಮೂರು ದಿನ ಆಗಿತ್ತಷ್ಟೇ. ಜೂನ್ 14ರ ರಾತ್ರಿ ಕೊಪ್ಪರಿಗೆಗಳು ಎತ್‌ಮೈದಾನಿಗೆ ಬಂದವು. ಎತ್ ಎಂದರೆ ಮಾಂಸ. ಅವರ ದಿನದ ಮಾಂಸ ಹಂಚುತ್ತಿದ್ದ ಮೈದಾನ ಅದು.

ಹಿಂದೆಲ್ಲ ಇಷ್ಟಾದರೆ ಊರು ಅವರ ಕಡೆ ಬರುತ್ತಿತ್ತು. ಈ ಸಲ ಬರಲಿಲ್ಲ. ಮಹಮೂದ್ ಪ್ರವಾದಿಯ ಪವಿತ್ರ ಧ್ವಜ ಹೊರತೆಗೆಸಿದ. ಮದರಸಾದ ವಿದ್ಯಾರ್ಥಿಗಳು, ಅಂಗಡಿಯವರು ಸುಲ್ತಾನ್ ಅಹಮದ್ ಮಸೀದಿಯ ಬಳಿ ಸೇರಿದರು, ಅವರಿಗೆ ಆಯುಧ ಹಂಚಿದರು. ಜಾನಿಸರಿಗಳು ಬ್ಯಾರಕ್‌ಗೆ ಹಿಂದಿರುಗಿ ಬಾಗಿಲು ಹಾಕಿಕೊಂಡರು. ಕಪ್ಪು ನರಕ ಎಂಬ ಅಡ್ಡಹೆಸರಿನ ತೋಪಿನ ಅಧಿಕಾರಿ ಇಬ್ರಾಹಿಮ್ ಬಾಗಿಲಿಗೆ ಗುಂಡು ಹೊಡೆಸಿದ. ಮರದ ಬ್ಯಾರಕ್‌ಗಳಿಗೆ ಬೆಂಕಿ ಬಿತ್ತು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಆ ದಿನ ಮತ್ತು ನಂತರದ ಬೇಟೆಯಲ್ಲಿ ಸತ್ತವರು ಸಾವಿರಾರು. ಸರ್ಕಾರ ಇದಕ್ಕೆ ಶುಭ ಘಟನೆ ಎಂದು ಹೆಸರಿಟ್ಟಿತು.

ದಳದ ಹೆಸರು ಹೇಳುವುದನ್ನೇ ನಿಷೇಧಿಸಿದರು. ಅವರ ಗುರುಪರಂಪರೆಯಾಗಿದ್ದ ಬೆಕ್ತಾಶಿ ಸೂಫಿ ಪಂಥವನ್ನು ಮುಚ್ಚಿದರು. ಸಮಾಧಿ ಕಲ್ಲುಗಳ ಮೇಲೆ ಕೆತ್ತಿದ್ದ ಜಾನಿಸರಿ ಟೋಪಿಗಳನ್ನೂ ಒಡೆದರು. ಊರಿನ ಬೆಂಕಿ ಆರಿಸುತ್ತಿದ್ದ ಪಡೆಯೂ ಈ ದಳದ್ದೇ ಆಗಿತ್ತು. ಅದೂ ಹೋಯಿತು. ಆಗಸ್ಟಿನಲ್ಲಿ ಇಸ್ತಾಂಬುಲ್‌ಗೆ ದೊಡ್ಡ ಬೆಂಕಿ ಬಿದ್ದಾಗ ಆರಿಸಲು ಪಳಗಿದ ಕೈಗಳಿರಲಿಲ್ಲ. ಸಾಮ್ರಾಜ್ಯಕ್ಕೂ ಅದೇ ಗತಿ. ಹಳೆಯದು ಹೋಗಿತ್ತು, ಹೊಸದು ಇನ್ನೂ ಕೂಸು. 1829ರಲ್ಲಿ ರಷ್ಯದ ಸೈನ್ಯ ಎದಿರ್ನೆ ತನಕ ಬಂತು. 1830ರಲ್ಲಿ ಗ್ರೀಸ್ ಸ್ವತಂತ್ರವಾಯಿತು, ಅಲ್ಜೀರ್ಸ್ ಫ್ರೆಂಚರ ಪಾಲಾಯಿತು. 1832ರಲ್ಲಿ ಕೊನ್ಯಾದಲ್ಲಿ ಮೆಹಮದ್ ಅಲಿಯ ಮಗನೇ ಸುಲ್ತಾನನ ಸೈನ್ಯವನ್ನು ಸೋಲಿಸಿದ. ಜಾನಿಸರಿಗಳು ಹೋದರೆ ಸಾಮ್ರಾಜ್ಯ ಉಳಿಯುತ್ತದೆ ಎಂದಿದ್ದವರ ಲೆಕ್ಕ ಅಷ್ಟು ಸಲೀಸಾಗಿ ಕೂಡಲಿಲ್ಲ.

ಕೊನೆಗೆ ಹೈದರನ ವಿಷಯ. ಹೌದು, ಸಂಬಂಧ ಇದೆ. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಹೈದರ್ ಅಲ್ಲಿನ ಬೇಡರ ಕುಟುಂಬಗಳನ್ನು, ಸುಮಾರು ಇಪ್ಪತ್ತು ಸಾವಿರ ಜನರನ್ನು, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದ. ತುರ್ಕರ ಜಾನಿಸರಿಗಳನ್ನು ನೋಡಿ ಮಾಡಿದ್ದು ಇದು ಎಂದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಹೈದರನ ಎದುರಾಳಿಗಳ ಕಡೆಯವನು, ಅದು ನೆನಪಿರಲಿ. ಆದರೂ ಚೇಲಾ ಪಡೆ ಇದ್ದದ್ದು ನಿಜ. ಟಿಪ್ಪುವಿನ ರಾಯಭಾರಿಗಳಂತೂ 1787ರಲ್ಲಿ ಇಸ್ತಾಂಬುಲ್‌ಗೇ ಹೋಗಿ ಒಂದನೇ ಅಬ್ದುಲ್ ಹಮೀದನನ್ನು ಕಂಡರು. ಅದೇ ವರ್ಷ ಆಟೊಮನ್ನರು ರಷ್ಯದ ಜೊತೆ ಮತ್ತೊಂದು ಯುದ್ಧಕ್ಕೆ ಇಳಿದಿದ್ದರು. ಟಿಪ್ಪುವಿಗೆ ಸೈನ್ಯ ಕಳಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಚಿತ್ರದುರ್ಗದ ಆ ಹುಡುಗರು ಮುಂದೆ ಜಾನಿಸರಿಗಳ ಹಾಗೆ ಆಗುತ್ತಿದ್ದರೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಜಾನಿಸರಿ ದಳ ಬದುಕಿದ್ದು ನಾಲ್ಕೂವರೆ ಶತಮಾನ. ದುರ್ಗ ಬಿದ್ದದ್ದಕ್ಕೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದಕ್ಕೂ ನಡುವೆ ಇಪ್ಪತ್ತೇ ವರ್ಷ. ಚೇಲಾಗಳಿಗೆ ಪೇಟೆಯಲ್ಲಿ ಒಂದು ಅಂಗಡಿ ಇಟ್ಟುಕೊಳ್ಳುವಷ್ಟು ಕಾಲವೂ ಸಿಗಲಿಲ್ಲ.